ಫಾರಂ ಕೋಳಿಯ ಕೊಕ್ಕು ಮೋಟಾದದ್ದು

ಲೋಕ ಆಗಷ್ಟೇ ಹುಟ್ಟಿತ್ತು, ಮಣ್ಣು ಇನ್ನೂ ಹಸಿಯಾಗಿತ್ತು. ಆಗ ಎಲ್ಲ ಕೋಳಿಗಳಿಗೂ ಚೂಪು ಕೊಕ್ಕಿತ್ತು. ಅವು ಗೆದ್ದಲು ಹೆಕ್ಕುತ್ತಿದ್ದವು, ಗರಿ ತೀಡಿಕೊಳ್ಳುತ್ತಿದ್ದವು. ಒಂದನ್ನೊಂದು ಕುಕ್ಕುತ್ತಿರಲಿಲ್ಲ. ಕುಕ್ಕಬೇಕೆಂದರೆ ಅಷ್ಟು ದೂರ ನಡೆದು ಹೋಗಬೇಕಿತ್ತು.

ಮಾಕವ್ವ ಎಂಬ ಹೆಂಗಸು ಬಿದಿರು ಸೀಳಿ ಒಂದು ಮಂಕರಿ ಹೆಣೆದಳು. ನರಿ ಬರುತ್ತದೆ ಎಂದು ಕೋಳಿಗಳನ್ನು ಅದರಡಿ ಮುಚ್ಚಿದಳು. ನರಿ ಬರಲಿಲ್ಲ. ಆದರೂ ಮಂಕರಿ ಎತ್ತಲಿಲ್ಲ. ಇನ್ನಷ್ಟು ಕೋಳಿ ತಂದು ತುರುಕಿದಳು.

ರೆಕ್ಕೆ ಬಿಚ್ಚಲು ಜಾಗವಿಲ್ಲದೆ ಕೋಳಿಗಳು ಪಕ್ಕದವರ ಪುಕ್ಕ ಕೀಳತೊಡಗಿದವು. ಒಂದು ಬೆಳಗ್ಗೆ ಒಂದು ಕೋಳಿ ಸತ್ತು ಬಿದ್ದಿತ್ತು.

ಮಾಕವ್ವ ಗಾಳಿ, ನದಿ, ಸೂರ್ಯ, ಬೆಂಕಿ ಎಲ್ಲರನ್ನೂ ಕರೆದು ಪಂಚಾಯಿತಿ ಸೇರಿಸಿದಳು.

"ಮಂಕರಿ ಎತ್ತಿಬಿಡು, ಮಾಕವ್ವ," ಅಂದಿತು ಗಾಳಿ.

"ನಿನಗೇನಪ್ಪ, ಮನೆಯಿಲ್ಲ ಮಠವಿಲ್ಲ."

ಗಾಳಿ ಎದ್ದು ಹೋಯಿತು. ಉಳಿದವರು ಕೂಲಂಕಷವಾಗಿ ಯೋಚಿಸಿ, ಮಂಕರಿಯದೇನೂ ತಪ್ಪಿಲ್ಲ, ತಪ್ಪೆಲ್ಲ ಕೊಕ್ಕಿನದು ಎಂದು ಒಪ್ಪಿಕೊಂಡರು.

"ನನ್ನ ಹತ್ತಿರ ಬಿಡಿ. ಕಲ್ಲು ಸವೆಸಿದ ಹಾಗೆ ನಿಧಾನವಾಗಿ ಸವೆಸುತ್ತೇನೆ," ಅಂದಿತು ನದಿ.

"ಮರಿಯಾಗಿದ್ದಾಗಲೇ ತುದಿಗೆ ಬಿಸಿಲು ಹಾಯಿಸುತ್ತೇನೆ. ಒಣಗಿ ತಾನೇ ಉದುರುತ್ತದೆ," ಅಂದ ಸೂರ್ಯ.

"ನಾನು ಈಗಲೇ ಮುಗಿಸುತ್ತೇನೆ," ಅಂದಿತು ಬೆಂಕಿ.

ಮಾಕವ್ವನಿಗೆ ಬೇರೆ ಕೆಲಸವಿತ್ತು. ಬೆಂಕಿಯೇ ಆಗಲಿ ಅಂದಳು.

ಮಂಕರಿಯೊಳಗೆ ಚುಕ್ಕಿ ಎಂಬ ಹ್ಯಾಟೆ ಕೋಳಿ ಇದ್ದಳು. ಇನ್ನೂ ಮೊಟ್ಟೆಯಿಡುವ ವಯಸ್ಸಲ್ಲ. "ನಾನಿನ್ನೂ ಬೆಳೆಯೋಳು, ಅವ್ವ. ಕೊಕ್ಕು ಹೋದ್ರೆ ಏನು ತಿಂದು ಬೆಳೀಲಿ?"

"ನಾನೇ ಮುಂದೆ ತಂದು ಸುರೀತೀನಲ್ಲೇ. ತುದಿ ಮಾತ್ರ, ಉಗುರು ತೆಗೆದ ಹಾಗೆ."

ಬೆಂಕಿ ಒಂದೊಂದೇ ಕೋಳಿಯ ಮೇಲಿನ ಕೊಕ್ಕಿನ ತುದಿ ತಿಂದಿತು. ಉಗುರಿನ ಹಾಗಿರಲಿಲ್ಲ. ಕೊಕ್ಕಿನ ತುದಿಯವರೆಗೂ ಜೀವವಿತ್ತು. ಪಂಚಾಯಿತಿಯಲ್ಲಿ ಆ ವಿಷಯ ಬಂದಿರಲಿಲ್ಲ.

ದೊಡ್ಡ ಕೋಳಿಗಳು ನೋವು ನುಂಗಿಕೊಂಡು ತಿಂದವು. ಚುಕ್ಕಿ ಕಾಳಿನ ರಾಶಿಗೆ ಮುಖ ತಾಗಿಸುತ್ತಾಳೆ, ಹಿಂದಕ್ಕೆಳೆಯುತ್ತಾಳೆ. ತಾಗಿಸುತ್ತಾಳೆ, ಹಿಂದಕ್ಕೆಳೆಯುತ್ತಾಳೆ. ಜೊತೆಯವರ ಜುಟ್ಟು ಕೆಂಪಾಯಿತು. ಅವಳದು ಬಿಳಿಚಿಕೊಂಡೇ ಉಳಿಯಿತು.

"ಬೆಂಕಿಯಪ್ಪಾ, ಚೂರಾದರೂ ವಾಪಸ್ ಕೊಡು," ಎಂದು ಕೇಳಿದಳು.

"ನನಗೆ ತಿನ್ನೋದು ಗೊತ್ತು ಮಗಳೇ. ಕೊಡೋದು ಯಾರೂ ಕಲಿಸಿಲ್ಲ."

ಚುಕ್ಕಿ ಮೊಟ್ಟೆಯಿಡುವ ವಯಸ್ಸಿಗೆ ಬಂದಾಗಲೂ ಮರಿಯಷ್ಟೇ ಇದ್ದಳು. "ಇದಕ್ಕೆ ತಿನ್ನೋಕೂ ಸೋಮಾರಿತನ," ಅಂದಳು ಮಾಕವ್ವ. ಒಂದು ಮೊಟ್ಟೆಯನ್ನೂ ಇಡದೆ ಚುಕ್ಕಿ ಕಾಳಿನ ರಾಶಿಯ ಪಕ್ಕದಲ್ಲೇ ಸತ್ತಳು.

ಉಳಿದವು ಪುಕ್ಕ ಕೀಳುವುದನ್ನು ಬಹುಪಾಲು ಬಿಟ್ಟವು. "ಎಷ್ಟು ಹೊಂದ್ಕೊಂಡು ಹೋಗ್ತಾವೆ ನೋಡಿ," ಎಂದು ಮಾಕವ್ವ ಸಂತೋಷಪಟ್ಟಳು. ಅಷ್ಟು ಹೊಂದಿಕೊಳ್ಳುವುದಾದರೆ ಇನ್ನೂ ಕೆಲವು ಹಿಡಿಸುತ್ತವೆ ಎಂದು ತಂದು ತುಂಬಿದಳು.

ಅದಕ್ಕೇ ಮಗು, ಇವತ್ತು ಶೆಡ್ಡಿನಲ್ಲಿ ನೀನು ನೋಡುವ ಕೋಳಿಯ ಮೇಲಿನ ಕೊಕ್ಕು ಮೋಟು, ಕೆಳಗಿನದು ಅಳುವವರ ತುಟಿಯಂತೆ ಮುಂದೆ ಚಾಚಿದೆ. ಅದಕ್ಕೇ ಅದು ಕಾಳನ್ನು ಹೆಕ್ಕುವುದಿಲ್ಲ, ಮುಖ ಓರೆ ಮಾಡಿ ಬಾಚಿಕೊಳ್ಳುತ್ತದೆ, ಬಾಚಿದ್ದರಲ್ಲಿ ಅರ್ಧ ಕೆಳಗೆ ಬೀಳುತ್ತದೆ.