ದ್ಯಾಮವ್ವ ಆರಿಸಿದ ರೆಕಾರ್ಡರ್

ದ್ಯಾಮವ್ವನ ಗಂಡ ತೀರಿಕೊಂಡು ತಿಂಗಳಾಗಿರಲಿಲ್ಲ. ಅವನು ಹಾಡಿದ್ದ ತತ್ವಪದ ಗುರುವಾರ ಊರಿನ ಕೇಬಲ್‌ನಲ್ಲಿ ಮತ್ತೊಮ್ಮೆ ಬರುವುದಿತ್ತು. ಆ ದನಿ ಉಳಿಸಿಕೊಳ್ಳಲು ಆಕೆ ಸ್ವಂತದ್ದೊಂದು ರೆಕಾರ್ಡರ್ ಆರಿಸಿ ತಂದಳು.

ಕೇಬಲ್ ಮಾಲೀಕ ಮಹಾರುದ್ರಪ್ಪ ಒಪ್ಪಲಿಲ್ಲ. “ನನ್ನ ಲೈನಿಗೆ ನನ್ನ ಬಾಡಿಗಿ ಪೆಟ್ಟಿಗೀನ ಹಚ್ಚಬೇಕು,” ಎಂದು ತನ್ನ ರೆಕಾರ್ಡರ್ ಪೆಟ್ಟಿಗೆಯೊಂದನ್ನು ಆಕೆಯ ಮುಂದಿಟ್ಟ.

“ಕನೆಕ್ಷನ್ ಬಿಟ್ಟರ?”

“ಪೆಟ್ಟಿಗಿ ವಾಪಸ್ ಒಯ್ತೀವಿ. ಒಳಗಿದ್ದದ್ದು ಅಳಸ್ತೀವಿ.”

“ಆತ್ರಿ. ತೀರಿಕೊಂಡ ನಿಮ್ಮವ್ವಾರ ಆರತಿ ಹಾಡು ನಿಮ್ಮ ಹತ್ರ ಐತೆಲ್ರಿ, ಅದನ್ನೂ ಈ ಪೆಟ್ಟಿಗ್ಯಾಗ ಹಾಕಿ ಕೊಡ್ರಿ. ಅಳಸೋವಾಗ ಇಬ್ಬರನ್ನೂ ಕೂಡೇ ಅಳಸ್ರಿ,” ಎಂದಳು ಮೆತ್ತಗೆ.

ಮಹಾರುದ್ರಪ್ಪ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡ. ಗುರುವಾರ ತಾನೇ ಬಂದು ಆಕೆಯ ರೆಕಾರ್ಡರಿಗೆ ವೈರು ಜೋಡಿಸಿದ.

ಹಾಡಿನ ನಡುವೆ ಗಂಡ ಕೆಮ್ಮಿದ.

“ಅದನ್ನ ತೆಗಸಲೇನವ್ವಾ?” ಎಂದ ಮಹಾರುದ್ರಪ್ಪ.

“ಬ್ಯಾಡ್ರಿ. ಮನ್ಯಾಗೂ ಹಿಂಗ ಕೆಮ್ಮತಿದ್ರು,” ಎಂದು ದ್ಯಾಮವ್ವ ಸೆರಗು ಬಾಯಿಗೊತ್ತಿಕೊಂಡಳು.