ಬಡಗಣ ಕೆರೆಯ ಕುಂಕುಮ

ಒಂದಾನೊಂದು ಕಾಲದಲ್ಲಿ, ಮೊದಲು ಕಾಲು ಒಳಗೆ ಎಳ್ಕೋ, ಕಂಬಳಿ ಆಚೆ ಕಾಲು ಬಿಟ್ಟೋರಿಗೆ ನಾನು ಕತೆ ಹೇಳಲ್ಲ, ಹಾಂ, ಹಾಗೆ. ಒಂದಾನೊಂದು ಕಾಲದಲ್ಲಿ ಒಂದು ಊರಿತ್ತಂತೆ, ಆ ಊರಿನ ಬಡಗಣ ದಿಕ್ಕಿಗೆ ಒಂದು ಕೆರೆ ಇತ್ತಂತೆ. ಏರಿ ಮೇಲೆ ನಿಂತ್ರೆ ಆಚೆ ದಡ ಕಾಣಿಸ್ತಾ ಇರಲಿಲ್ಲವಂತೆ, ಅಷ್ಟು ದೊಡ್ಡ ಕೆರೆ. ಆ ಕೆರೆ ದಡದಲ್ಲಿ ಬೆಸ್ತರ ಹಟ್ಟಿ. ಬೆಸ್ತರು ಅಂದ್ರೆ ಮೀನು ಹಿಡಿಯೋರು. ಅವರಿಗೆ ಹೊಲ ಇಲ್ಲ, ಗದ್ದೆ ಇಲ್ಲ, ಕೆರೆಯೇ ಹೊಲ, ಗಾಳವೇ ನೇಗಿಲು.

ಆ ಹಟ್ಟೀಲಿ ಒಂದು ಕಟ್ಟಳೆ ಇತ್ತಂತೆ. ಮುಂಗಾರು ಹುಯ್ದು ಕೆರೆಗೆ ಹೊಸನೀರು ಬಂದ ಮೇಲೆ ಯಾರೂ ಹಾಗೆ ಹೋಗಿ ಗಾಳ ಇಳಿಸೋ ಹಾಗಿಲ್ಲ. ಹಟ್ಟೀಲಿ ಒಂದು ಮನೆ, ಕೆರೆಮನೆ ಅಂತ ಹೆಸರು, ಆ ಮನೆ ಯಜಮಾನ ಏರಿ ಮೇಲೆ ನಿಂತು ಕೆರೆ ನೋಡಿ ಮಾತು ಕೊಡಬೇಕು. ಈ ವರ್ಷ ಮೀನಿದೆ, ಇಳೀರಿ ಅಂದ್ರೆ ಇಳೀಬೇಕು. ಇಲ್ಲ, ಕೆರೆ ಬಿಡಿ ಅಂದ್ರೆ ಕೂಲಿಗೆ ಹೋಗಬೇಕು. ಅದಕ್ಕೆ ಕೆರೆಮಾತು ಅಂತಿದ್ರಂತೆ.

ಹೇಗೆ ನೋಡ್ತಿದ್ದ ಅಂತೀಯಾ? ಅದೇ ಹೇಳ್ತೀನಿ, ತಡಿ. ಹೊಸನೀರು ತಿಳಿಯಾದ ಮೇಲೆ ನೀರಿನ ಮೇಲೆ ಅಲ್ಲಲ್ಲಿ ಕೆಂಪಗೆ, ಒಂದು ಮೊರದಗಲ, ಯಾರೋ ಚೆಲ್ಲಿದ ಹಾಗೆ ಕಾಣ್ತಿತ್ತಂತೆ. ಅದು ಗಂಗಮ್ಮ ಚೆಲ್ಲಿದ ಕುಂಕುಮ ಅಂತ ಹಟ್ಟಿಯೋರು ಹೇಳೋರು. ಅದರ ಮೇಲೆ ತೆಪ್ಪ ಹೋಗಬಾರದು, ಬಲೆ ಬೀಸಬಾರದು, ಕೈ ಅಂತೂ ಮುಟ್ಟಲೇಬಾರದು. ದೂರ ನಿಂತು ಕೈಮುಗಿದು, ಗಾಳಕ್ಕೆ ಕಪ್ಪೆಮರಿ ಚುಚ್ಚಿ, ಕುಂಕುಮದ ಅಂಚಿಗೆ ಎಸೀಬೇಕು. ಎಸೆದ್ರೋ, ಬಿತ್ತು ದೊಡ್ಡ ಕೊರವ ಮೀನು. ಹುಸಿ ಹೋಗೋ ಮಾತೇ ಇಲ್ಲ. ಗಂಗಮ್ಮನ ಪ್ರಸಾದ ಅಂತ ಕಣ್ಣಿಗೊತ್ಕೊಂಡು ಮನೆಗೆ ತರೋರು. ಕುಂಕುಮ ಜಾಸ್ತಿ ಕಂಡ ವರ್ಷ ಯಜಮಾನ ಇಳೀರಿ ಅನ್ನೋನು, ಅಷ್ಟೇ ಲೆಕ್ಕ.

ಹಾಗಿರುವಾಗ ಬರ್ತಾ ಬರ್ತಾ ಕುಂಕುಮ ಕಡಿಮೆ ಆಯ್ತಂತೆ. ಯಾಕೆ ಅಂತ ಯಾರಿಗೂ ತಿಳೀದು. ಒಂದು ಬೇಸಿಗೇಲಿ ಕೆರೆಮನೆ ಯಜಮಾನ ದೊಡ್ಡಬೋರಯ್ಯ ಚಳಿಜ್ವರ ಬಂದು ತೀರ್ಕೊಂಡ. ಮನೆ ಯಜಮಾನಿ ಇರೋವರೆಗೂ ಕೆರೆಮಾತು ಮಕ್ಕಳಿಗೆ ಹೋಗಲ್ಲ, ಅದೂ ಕಟ್ಟಳೆಯೇ. ಹಾಗಾಗಿ ಮಾತು ಬಂದು ಅವನ ಹೆಂಡತಿ ಹೊಂಬಾಳಮ್ಮನ ತಲೆ ಮೇಲೆ ಕೂತ್ಕೊಳ್ತಂತೆ. ಪಾಪ, ಆ ಹೆಂಗಸು ಮೀನು ಹೆಚ್ಚಿದ್ದಳು, ಮಾರಿದ್ದಳು, ಸಾರು ಮಾಡಿದ್ದಳು, ಕೆರೆ ನೋಡಿ ಮಾತು ಕೊಟ್ಟವಳಲ್ಲ.

ಮುಂಗಾರು ಹುಯ್ದು ನೀರು ತಿಳಿಯಾದ ಮೇಲೆ ಹಟ್ಟಿ ಹಿರಿಯ ಗುಡ್ಡಯ್ಯ ಬಂದು ಜಗಲಿ ಮೇಲೆ ಕೂತು ಹೇಳಿದ್ನಂತೆ, ನೋಡು ಹೊಂಬಾಳವ್ವ, ಹೋದ ವರ್ಷ ಮಕ್ಕಳು ಅರೆಹೊಟ್ಟೇಲಿ ಮಲಗಿದ್ವು, ಈ ಸಲಾನೂ ಮಾತು ಸುಳ್ಳಾದ್ರೆ ನಾವು ಹೊಳೆ ಕಡೆಗೆ ಹೊರಟು ಹೋಗ್ತೀವಿ, ಒಬ್ಬೊಬ್ಬರು ಒಂದೊಂದು ದಿಕ್ಕು, ಒಡೆದ ಹಟ್ಟಿ ಮತ್ತೆ ಸೇರಲ್ಲ ಅಂತ. ಹೊಂಬಾಳಮ್ಮ ಹುಟ್ಟಿದ್ದು ಆ ಹಟ್ಟೀಲಿ, ಮದುವೆ ಆಗಿದ್ದು ಆ ಹಟ್ಟೀಲಿ, ಅವಳಿಗೆ ಬೇರೆ ಪ್ರಪಂಚವೇ ಗೊತ್ತಿಲ್ಲ. ಇದೆ ಅಂತ ಹೇಳಿ ಇಲ್ಲದೆ ಹೋದ್ರೆ ಹಟ್ಟಿ ಹೋಯ್ತು, ಇಲ್ಲ ಅಂತ ಹೇಳಿ ಇದ್ದುಬಿಟ್ರೆ ಮಕ್ಕಳ ಬಾಯಿಂದ ತುತ್ತು ಕಿತ್ಕೊಂಡ ಪಾಪ. ಅತ್ತ ದರಿ, ಇತ್ತ ಪುಲಿ.

ಅವಳಿಗೆ ಮೂರು ಮಕ್ಕಳು. ದೊಡ್ಡೋನು ಕೆಂಚ, ನಡುವಿನೋನು ಜವರ, ಕೊನೇದು ಹೆಣ್ಣು, ನಿಂಗಿ. ಹೊಂಬಾಳಮ್ಮ ಮೂವರನ್ನೂ ಕೂರಿಸಿಕೊಂಡು, ಹೋಗಿ ಕೆರೆ ನೋಡ್ಕೊಂಡು ಬನ್ನಿ, ಮೀನಿದೆಯೋ ಇಲ್ಲವೋ ಒಂದೇ ಮಾತಲ್ಲಿ ಹೇಳಿ ಅಂದ್ಳಂತೆ. ನೋಡೋಕೆ ಅಂತ ಕೆರೆಮನೆಯೋರು ಮಾತ್ರ ಗಾಳ ಹಾಕಬಹುದಿತ್ತು.

ಮೊದಲು ಕೆಂಚ ಹೋದ. ಗಟ್ಟಿ ಆಳು, ಬಾಯಿ ಇನ್ನೂ ಗಟ್ಟಿ. ಸೀದಾ ಕುಂಕುಮದ ಅಂಚಿಗೆ ಗಾಳ ಎಸೆದ, ಮೊಣಕೈಯುದ್ದದ ಕೊರವ ಎಳ್ಕೊಂಡು ಬಂದು ಅವ್ವನ ಮುಂದೆ ಧೊಪ್ಪಂತ ಹಾಕಿದ. ಅವ್ವ, ಎಸೆದ ಏಟಿಗೆ ಬಿತ್ತು, ಕೆರೆ ತುಂಬ ಮೀನು ಕಣವ್ವ, ಕಣ್ಣುಮುಚ್ಕೊಂಡು ಇಳೀರಿ ಅನ್ನು ಅಂದ್ನಂತೆ. ಹೊಂಬಾಳಮ್ಮನಿಗೆ ಎಷ್ಟು ಸಂತೋಷ ಅಂತೀಯ, ಆಗಲೇ ಗುಡ್ಡಯ್ಯನ್ನ ಕರೆಯೋಕೆ ಎದ್ದುಬಿಟ್ಟಿದ್ಳು.

ಅಷ್ಟರಲ್ಲಿ ಜವರ ಬಂದ. ಈ ಜವರ ಸ್ವಲ್ಪ ತಲೆಹರಟೆ, ಅಣ್ಣ ಹೋದ ಕಡೆ ಹೋಗೋನಲ್ಲ. ಕುಂಕುಮ ಇಲ್ಲದ ಕಡೆಯೆಲ್ಲ ಹುಡುಕಿ ಹುಡುಕಿ ಗಾಳ ಹಾಕಿದ್ನಂತೆ. ಕೋಡಿ ಹತ್ರ ಹಾಕಿದ, ತೂಬಿನ ಹತ್ರ ಹಾಕಿದ, ಜೊಂಡಿನ ಮಗ್ಗುಲಿಗೆ ಹಾಕಿದ. ಎರೆಹುಳ ನೆಂದು ನೆಂದು ಬಿಳಿಚಿಕೊಳ್ತೇ ಹೊರತು ಒಂದು ಗೆಂಡೆಮೀನಿನ ಮರಿಯೂ ಮೂಸಿ ನೋಡಲಿಲ್ಲ. ಸಾಯಂಕಾಲ ಒಂದು ಏಡಿ ಹಿಡ್ಕೊಂಡು ಬಂದು, ಅವ್ವ, ಕೆರೇಲಿ ನೀರು ಬಿಟ್ರೆ ಏನೂ ಇಲ್ಲ ಕಣವ್ವ, ಈ ಏಡಿಯೂ ಒಂಟಿತನಕ್ಕೆ ಬೇಜಾರಾಗಿ ನನ್ನ ಜೊತೆ ಬಂತು ಅಂದ್ನಂತೆ.

ನಗಬೇಡ ಕೂಸೇ, ಆವಮ್ಮನ ಕಷ್ಟ ನೋಡು. ಈ ಕಡೆ ಮೀನು, ಆ ಕಡೆ ಏಡಿ, ನಡುವೆ ಹೊಂಬಾಳಮ್ಮ ಕೈ ಗಲ್ಲಕ್ಕೆ ಕೊಟ್ಟು ಕೂತ್ಲಂತೆ. ಒಂದೇ ಕೆರೆ, ಒಂದೇ ದಿನ, ಒಂದೇ ಹೊಟ್ಟೇಲಿ ಹುಟ್ಟಿದ ಮಕ್ಕಳು, ಒಬ್ಬನಿಗೆ ತುಂಬಿದ ಕೆರೆ, ಇನ್ನೊಬ್ಬನಿಗೆ ಖಾಲಿ ಕೆರೆ. ಮೀನಿನ ಕಡೆ ನೋಡಿದ್ರೆ ಇದೆ ಅನ್ಸುತ್ತೆ, ಏಡಿ ಕಡೆ ನೋಡಿದ್ರೆ ಇಲ್ಲ ಅನ್ಸುತ್ತೆ. ಅಣ್ಣ ತಮ್ಮ ಇಬ್ಬರೂ ನೀನು ಸುಳ್ಳ, ನೀನು ಸುಳ್ಳ ಅಂತ ಕಚ್ಚಾಡ್ತಾ ಇದ್ರು. ಇಬ್ಬರದೂ ನಿಜವೇ, ಅದೇ ತೊಂದರೆ. ಅವಳ ತಲೆ ಕಲಸುಮೇಲೋಗರ ಆಗಿಹೋಯ್ತು. ಮೀನು ಇದ್ದೂ ಇಲ್ಲದೆ ಇರೋದು ಹೇಗೆ ಅಂತ ನನ್ನ ಕೇಳಬೇಡ, ಆವಮ್ಮನಿಗೇ ಗೊತ್ತಾಗಲಿಲ್ಲ. ಆ ರಾತ್ರಿ ಮೀನೂ ಬೇಯಿಸಲಿಲ್ಲ, ಏಡಿಯೂ ಬೇಯಿಸಲಿಲ್ಲ, ಎಲ್ಲರಿಗೂ ಉಪ್ಪುಗಂಜಿ.

ಮಾರನೇ ದಿನ ನಿಂಗಿ ಹೋದಳಂತೆ. ಅವಳಿಗೆ ಗಾಳ ಹಾಕೋಕೆ ಬರಲ್ಲ. ಹೆಂಗಸರು ಕೆರೆಗೆ ಹೋಗ್ತಿದ್ದಿದ್ದು ನೀರಿಗೆ ತಾನೆ, ಅದಕ್ಕೇ ಕೊಡ ತಗೊಂಡೇ ತೆಪ್ಪ ಹತ್ತಿದ್ಳು. ಗಾಳಿ ಬಂದು ತೆಪ್ಪ ತಿರುಗಿ ತಿರುಗಿ, ಎಲ್ಲಿಗೆ ಹೋಗಬಾರದೋ ಅಲ್ಲಿಗೇ, ಕುಂಕುಮದ ನಡುವಿಗೇ ಹೋಯ್ತಂತೆ. ಗಂಗಮ್ಮ, ತಪ್ಪಾಯ್ತು ತಾಯಿ ಅಂತ ಎದ್ದು ನಿಲ್ಲೋಕೆ ಹೋದಳು, ತೆಪ್ಪ ವಾಲಿತು, ಕೊಡ ಬಕ್ ಅಂತ ಬಾಗಿ ಕುಂಕುಮದಲ್ಲೇ ನೀರು ತುಂಬ್ಕೊಳ್ತು. ಚೆಲ್ಲೋಕೂ ಭಯ, ಇಟ್ಕೊಳ್ಳೋಕೂ ಭಯ. ಹಾಗೇ ತಬ್ಬಿಕೊಂಡು ಮನೆಗೆ ಓಡಿ ಬಂದಳಂತೆ.

ಅವ್ವ, ಬೈಬೇಡ, ನೋಡು ಅಂದಳು. ಹೊಂಬಾಳಮ್ಮ ಬಗ್ಗಿ ನೋಡ್ತಾಳೆ, ಕೊಡದ ತುಂಬ ಕೆಂಪಗೆ ಅಕ್ಕಿನುಚ್ಚಿನಷ್ಟು ಚೂರು ಚೂರು, ಗುಂಪಾಗಿ ಆ ಕಡೆಗೊಂದು ಸಲ ಈ ಕಡೆಗೊಂದು ಸಲ ಹೋಗ್ತಾ ಇವೆ. ನಿಂಗಿ ಪಿಸುಗುಟ್ಟಿದ್ಳಂತೆ, ಅವ್ವ, ಕುಂಕುಮಕ್ಕೆ ಕಣ್ಣಿದೆ ಕಣವ್ವ.

ಮೊದಲೇ ಮೀನು, ಏಡಿ, ಈಗ ಕಣ್ಣಿರೋ ಕುಂಕುಮ! ಮುಟ್ಟಬಾರದ್ದನ್ನ ಮನೆಗೆ ತಂದ ಮಗಳನ್ನ ಬೈಯೋದೋ, ಕೊಡಕ್ಕೆ ದೀಪ ಹಚ್ಚೋದೋ, ಹೊಂಬಾಳಮ್ಮನಿಗೆ ತಿಳೀಲಿಲ್ಲ. ಎರಡೂ ಮಾಡಿದಳಂತೆ. ಆದ್ರೆ ದೀಪದ ಬೆಳಕಲ್ಲಿ ನೋಡ್ತಾ ನೋಡ್ತಾ, ಇವು ಮರಿಗಳು, ಮೀನುಮರಿಗಳು ಅನ್ನೋದು ಮಾತ್ರ ಗೊತ್ತಾಯ್ತು. ಮರಿ ಕುಂಕುಮ ಯಾಕಾಯ್ತು, ಇಷ್ಟು ಮರಿ ಇರೋ ಕೆರೇಲಿ ಜವರನಿಗೆ ಯಾಕೆ ಏನೂ ಸಿಗಲಿಲ್ಲ, ಅದು ಗೊತ್ತಾಗಲಿಲ್ಲ. ಬೆಳಕು ಹರಿದದ್ದೇ ಕೆಂಚನ್ನ ಎಬ್ಬಿಸಿ, ನಡಿ, ನಾನೇ ನೋಡಬೇಕು ಅಂದ್ಳು.

ಅವ್ವ ಮಗ ತೆಪ್ಪದಲ್ಲಿ ಹೋದ್ರು. ನೀರು ತಿಳಿಯಾಗಿತ್ತು. ಕುಂಕುಮ ಕಂಡ ತಕ್ಷಣ ಕೆಂಚ ತೆಪ್ಪ ನಿಲ್ಲಿಸಿ ಕೈಮುಗಿದ. ಹೊಂಬಾಳಮ್ಮ ಮಾತ್ರ ಕೈಮುಗಿಯದೆ ಬಗ್ಗಿ ನೀರೊಳಗೆ ನೋಡಿದಳಂತೆ. ಕೆಂಪಿನ ಕೆಳಗೆ ಎರಡು ಕಪ್ಪು ನೆರಳು, ಸುತ್ತಾ ಇವೆ, ಸುತ್ತಾ ಇವೆ. ಒಂದು ಗೆಂಡೆ ಬಾಯಿ ತೆಗೆದುಕೊಂಡು ಹತ್ರ ಬಂತು, ಒಂದು ನೆರಳು ಸರ್ರಂತ ನುಗ್ಗಿ ಅದನ್ನ ಅಟ್ಟಿ ಮತ್ತೆ ಬಂದು ಸುತ್ತೋಕೆ ನಿಂತ್ಕೊಳ್ತು. ಅಷ್ಟರಲ್ಲಿ ಕೆಂಚ ಗಾಳ ಎಸೆದ. ಕಪ್ಪೆಮರಿ ಕೆಂಪಿನ ಅಂಚಿಗೆ ಬಿತ್ತು, ಬಿದ್ದದ್ದೇ ನೆರಳು ಅದನ್ನೂ ಅಟ್ಟೋಕೆ ನುಗ್ಗಿತು, ಗಾಳ ಬಾಯಿಗೆ ಸಿಕ್ಕಿತು. ಹಸಿವಿಗೆ ಕಚ್ಚಿದ್ದಲ್ಲ ಮಗಾ, ಮಕ್ಕಳ ತಂಟೆಗೆ ಬಂದೋರನ್ನ ಕಚ್ಚಿದ್ದು.

ಕೆಂಚ ನಗ್ತಾ ಎಳೆದು ಹಾಕಿದ. ಕೆಳಗೆ ಉಳಿದ ನೆರಳು ಒಂಟಿಯಾಗಿ ಮೊದಲಿಗಿಂತ ಜೋರಾಗಿ ಸುತ್ತೋಕೆ ಶುರು ಮಾಡ್ತು. ಕೆಂಚ ಆಗಲೇ ಇನ್ನೊಂದು ಸಲ ಗಾಳ ಬೀಸಿದ. ಬೇಡ ಕಣೋ ಅಂತ ಹೊಂಬಾಳಮ್ಮ ಅವನ ಕೈ ಹಿಡಿಯೋ ಹೊತ್ತಿಗೆ ಅದೂ ಬಿತ್ತು.

ಆಮೇಲೆ ಏನಾಯ್ತು ಅಂದ್ರೆ, ಆ ಗೆಂಡೆ ವಾಪಸ್ಸು ಬಂತು. ಇನ್ನೊಂದು ಬಂತು. ಮೇಲಿಂದ ನೀರುಕಾಗೆ ಬಂತು. ಕಾಯೋರು ಯಾರೂ ಇಲ್ಲ. ಕೆಂಪು ಒಂದು ಕಡೆ ಹರೀತು, ಇನ್ನೊಂದು ಕಡೆ ತೆಳ್ಳಗಾಯ್ತು, ನೋಡ್ತಾ ನೋಡ್ತಾ ಬರೀ ನೀರು ಉಳೀತು. ಹೊಂಬಾಳಮ್ಮನ ಕೈ ತಾನಾಗೇ ತನ್ನ ಹಣೆಗೆ ಹೋಯ್ತಂತೆ. ಗಂಡ ತೀರ್ಕೊಂಡ ದಿನ ಅವಳ ಹಣೆಯ ಕುಂಕುಮಾನೂ ಹೀಗೇ ಒರೆಸಿದ್ರು, ಆ ಕಾಲದಲ್ಲಿ ಹಾಗೆ ಮಾಡೋರು. ತೆಪ್ಪದಲ್ಲಿ ಕೂತು ಗೊಳೋ ಅಂತ ಅತ್ತಳು. ಕೆಂಚನಿಗೆ ಏನೂ ತಿಳೀದೆ, ಯಾಕವ್ವ, ಎರಡು ಮೀನು ಬಿತ್ತಲ್ಲ ಅಂದ್ನಂತೆ ದಡ್ಡ.

ಸಾಯಂಕಾಲ ಗಂಗಮ್ಮನ ಕಲ್ಲಿನ ಮುಂದೆ ಹಟ್ಟಿಯೆಲ್ಲ ಸೇರಿತು. ಹೊಂಬಾಳಮ್ಮ ಎದ್ದು ನಿಂತು ಹೇಳಿದ್ಳಂತೆ, ಗಾಳ ಇಳಿಸಿ, ಆದ್ರೆ ಕುಂಕುಮ ಕಂಡ ಕಡೆ ಬೇಡ, ಇವತ್ತಿಗೂ ಬೇಡ, ಎಂದೆಂದಿಗೂ ಬೇಡ. ಜನ ಗುಸುಗುಸು ಅಂದ್ರು. ಬೇರೆ ಕಡೆ ಮೀನು ಬೀಳಲ್ಲವಲ್ಲ ಅಂದ್ರು. ಅದಕ್ಕೆ ಹೊಂಬಾಳಮ್ಮ, ಬೀಳಲ್ಲ, ಈ ವರ್ಷ ಬೀಳಲ್ಲ, ನಾವೇ ತಾಯಿ ತಂದೇನ ಹಿಡಿದು ಹಿಡಿದು ಮರಿಗಳನ್ನ ಅನಾಥ ಮಾಡಿದ್ದೀವಿ, ಮರಿ ಉಳೀದೆ ಮೀನು ಎಲ್ಲಿಂದ ಬರಬೇಕು, ಈ ವರ್ಷ ಏಡಿ ತಿನ್ನೋಣ, ಸೊಪ್ಪು ತಿನ್ನೋಣ, ಕೂಲಿಗೆ ಹೋಗೋಣ ಅಂದಳು.

ಗುಡ್ಡಯ್ಯನಿಗೆ ಸಿಟ್ಟು ನೆತ್ತಿಗೇರಿತು. ಅಜ್ಜನ ಕಾಲದಿಂದ ಬಂದ ಪ್ರಸಾದ ಅದು, ಹಣೇಲಿ ಕುಂಕುಮ ಇಲ್ಲದೋಳು ಬಂದು ಕುಂಕುಮದ ಮಾತಾಡೋದಾ ಅಂದುಬಿಟ್ಟ. ಆಡಬಾರದ ಮಾತು ಕೂಸೇ, ಯಾರಿಗೂ ಆಡಬಾರದು.

ಹೊಂಬಾಳಮ್ಮ ತಲೆ ಎತ್ತಿ, ಹೌದು ಗುಡ್ಡಯ್ಯ, ಒರೆಸಿದ ಮೇಲೆ ಏನು ಉಳಿಯುತ್ತೆ ಅಂತ ಈ ಹಟ್ಟೀಲಿ ನನಗೆ ಗೊತ್ತಿರೋ ಅಷ್ಟು ನಿನಗೆ ಗೊತ್ತಿಲ್ಲ, ಅದಕ್ಕೇ ಹೇಳ್ತಾ ಇದ್ದೀನಿ ಅಂದ್ಳಂತೆ. ನಿಂಗಿ ಕೊಡ ತಂದು ಅವನ ಮುಂದೆ ಇಟ್ಟಳು. ಗುಡ್ಡಯ್ಯ ಬಗ್ಗಿ ನೋಡಿದ. ಕೊಡದೊಳಗಿನ ಕುಂಕುಮ ಅವನನ್ನ ನೋಡ್ತು. ಎಷ್ಟೋ ಹೊತ್ತು ಬಗ್ಗಿದೋನು ಏಳಲೇ ಇಲ್ಲ. ಎದ್ದ ಮೇಲೆ ರುಮಾಲಿಗೆ ಸಿಕ್ಕಿಸಿದ್ದ ಗಾಳ ತೆಗೆದು ಕಲ್ಲಿನ ಮುಂದೆ ಇಟ್ಟು, ಒಂದು ವರ್ಷ ನೋಡೋಣ ಅಂದ. ಕೊಡದ ಮರಿಗಳನ್ನ ತಗೊಂಡು ಹೋಗಿ, ಕಾವಲಿದ್ದ ಇನ್ನೊಂದು ಕುಂಕುಮದ ಜೊತೆಗೆ ಬಿಟ್ರಂತೆ.

ಆ ವರ್ಷ ಕಷ್ಟ ಆಯ್ತು, ಸುಳ್ಳು ಯಾಕೆ ಹೇಳಲಿ. ಏಡಿ ತಿಂದು ತಿಂದು ಬಾಯಿ ಕೆಟ್ಟುಹೋಯ್ತು. ಹೆಂಗಸರು ನೀರಿಗೆ ಹೋದಾಗ ಹೊಂಬಾಳಮ್ಮನ್ನ ಬೈಯೋರು, ಅವಳಿಗೂ ತಾನು ಹೇಳಿದ್ದು ಸರಿಯೋ ತಪ್ಪೋ ಅಂತ ದಿನಾ ಗೊಂದಲ. ಒಂದು ದಿನ ಕೆಂಚ ಬರಿಗೈಲಿ ಬಂದು, ಅವ್ವ, ಇವತ್ತು ಕುಂಕುಮ ಕಂಡಿತ್ತು, ಸುತ್ತು ಹಾಕ್ಕೊಂಡು ಬಂದೆ ಅಂದ್ನಂತೆ. ಹೊಂಬಾಳಮ್ಮ ಅವನ ತಟ್ಟೆಗೆ ತನ್ನ ಪಾಲಿನ ಮುದ್ದೆಯನ್ನೂ ಇಟ್ಟಳು.

ಮುಂದಿನ ಮುಂಗಾರು ಬಂತು, ನೀರು ತಿಳಿಯಾಯ್ತು. ಏರಿ ಮೇಲೆ ನಿಂತು ನೋಡಿದ್ರೆ ಅಲ್ಲೊಂದು ಕೆಂಪು, ಇಲ್ಲೊಂದು ಕೆಂಪು, ಕೋಡಿ ಹತ್ರ ಇನ್ನೊಂದು. ಅದರ ಮುಂದಿನ ವರ್ಷ ಜವರ ತೂಬಿನ ಹತ್ರ, ಕುಂಕುಮ ಗಿಂಕುಮ ಏನೂ ಇಲ್ಲದ ಬರೀ ನೀರಲ್ಲಿ, ಬರೀ ಎರೆಹುಳಕ್ಕೆ ಮೀನು ಹಿಡಿದು, ನಂಬದೆ ಎರಡು ಸಲ ಮುಟ್ಟಿ ನೋಡಿದ್ನಂತೆ. ಹೊಳೆ ಕಡೆಗೆ ಯಾರೂ ಹೋಗಲಿಲ್ಲ. ಕೆರೇಲಿ ಮೀನೆಷ್ಟಿದೆ ಹೊಂಬಾಳವ್ವ ಅಂತ ಕೇಳಿದ್ರೆ, ನನಗೇನು ಗೊತ್ತು, ನೀರೊಳಗಿನ ಮೀನಿನ ಹೆಜ್ಜೆ ಕಂಡೋರು ಯಾರು, ಮರಿ ಬಿಡಿ, ಉಳಿದದ್ದು ಹಿಡೀರಿ ಅನ್ನೋಳಂತೆ.

ಆ ವರ್ಷವೇ ಗುಡ್ಡಯ್ಯನ ಮನೆಗೆ ಸೊಸೆ ಬಂದ್ಳು. ಗಂಡ ಸತ್ತೋರನ್ನ ಶುಭಕ್ಕೆ ಕರೀತಿರಲಿಲ್ಲ, ಹೊಂಬಾಳಮ್ಮ ಹಿತ್ತಲಲ್ಲಿ ಮೀನು ಹೆಚ್ಚುತ್ತಾ ಕೂತಿದ್ಳು. ಗುಡ್ಡಯ್ಯ ತಾನೇ ತಟ್ಟೆ ಹಿಡ್ಕೊಂಡು, ಹಿಂದೆ ಮದುವಣಗಿತ್ತೀನ ಕರ್ಕೊಂಡು ಅಲ್ಲಿಗೇ ಬಂದ. ಹುಡುಗಿ ಕೂತು ಹಣೆ ಮುಂದೆ ಮಾಡಿದಳು. ಹೊಂಬಾಳಮ್ಮ ಮೀನಿನ ಕೈಯನ್ನ ಸೆರಗಿಗೆ ಒರೆಸಿಕೊಂಡು, ತಟ್ಟೆಯಿಂದ ಕುಂಕುಮ ತಗೊಂಡು ಅವಳಿಗೆ ಇಟ್ಟಳಂತೆ.

ಆಮೇಲೆ ಎಲ್ಲರೂ ಉಂಡ್ರು, ಎಲ್ಲರಿಗೂ ಹೊಟ್ಟೆ ತುಂಬಿತು, ಮೀನುಮರಿಗಳು ಅವ್ವನ ಹೊಟ್ಟೆ ಕೆಳಗೆ ಮಲಗಿದ್ವು, ಕತೆಯೂ ಮಲಗ್ತು, ಮುಗೀತು. ಇನ್ನು ನೀನೂ ಮಲಗು.