ಕೂಲಂಕಷ ಪಂಡಿತನೂ ಹನ್ನೆರಡು ಎಮ್ಮೆ ಚರ್ಮವೂ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಹಿಂದೆ ಕೂತವರಿಗೆ ಕೇಳಿಸುವುದಿಲ್ಲ ಅಂತಲ್ಲ, ನನ್ನ ದನಿ ಮೂರು ಊರಿಗೆ ಕೇಳುತ್ತದೆ. ನಿಮ್ಮ ಮುಖ ನನಗೆ ಕಾಣಲಿ ಅಂತ.

ಕೆಂಪೊಳೆ ಸೀಮೆ ಅಂತ ಒಂದು ಸೀಮೆ. ಅದಕ್ಕೆ ಚಂದರಸ ಅಂತ ಒಬ್ಬ ದೊರೆ. ಮನಸ್ಸು ಒಳ್ಳೆಯದು. ಆದರೆ ಓದಿದವರು ಏನು ಹೇಳಿದರೂ ತಲೆಯಾಡಿಸುವವನು.

ಊರ ಮುಂದೆ ಹೊಳೆ. ಎಷ್ಟು ಅಗಲ ಅಂತೀರಿ? ಈ ದಡದಿಂದ ಒಂದು ಕಾಗೆ ಹಾರಿದರೆ, ಆ ದಡ ಮುಟ್ಟುವಷ್ಟರಲ್ಲಿ ಅದಕ್ಕೆ ವಯಸ್ಸಾಗಿ ರೆಕ್ಕೆಯೆಲ್ಲ ನರೆತುಹೋಗುತ್ತಿತ್ತು. ಆ ದಡದವರು ಅದನ್ನು ಕೊಕ್ಕರೆ ಅಂತಲೇ ತಿಳಿದಿದ್ದರು. ಕಾಗೆ ಅನ್ನುವ ಪಕ್ಷಿಯನ್ನು ಅವರು ಕಂಡೇ ಇರಲಿಲ್ಲ.

ಸೇತುವೆ ಇರಲಿಲ್ಲ. ದಾಟಬೇಕಾದರೆ ಹರಿಗೋಲೇ ಗತಿ. ಬಿದಿರು ಹೆಣೆದ ದೊಡ್ಡ ದುಂಡನೆ ಬುಟ್ಟಿ, ಹೊರಮೈಗೆ ಎಮ್ಮೆ ಚರ್ಮ ಹೊಲಿದು ಎಣ್ಣೆ ಕುಡಿಸಿರುತ್ತಾರೆ. ಆ ಚರ್ಮ ಒಂದು ವರ್ಷ ಬಾಳುತ್ತದೆ, ಆಮೇಲೆ ಕೊಳೆಯುತ್ತದೆ. ಅದಕ್ಕೇ ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಮುಂಗಾರಿನ ಕೆಂಪು ನೀರು ನುಗ್ಗಿ ಬರುವ ಮುಂಚೆ ಅರಮನೆಯ ಉಗ್ರಾಣದಿಂದ ಹರಿಗೋಲಿಗೆ ನಾಲ್ಕರಂತೆ ಹೊಸ ಚರ್ಮ ಕೊಡಬೇಕು. ಮೂರು ಹರಿಗೋಲು, ಹನ್ನೆರಡು ಚರ್ಮ.

ಹರಿಗೋಲು ನಡೆಸುತ್ತಿದ್ದವಳು ದುರುಗವ್ವ. ಹುಟ್ಟು ಹಾಕಿದಳು ಅಂದರೆ ಹೊಳೆಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಅವಳಿಗೆ ಒಬ್ಬಳೇ ಮಗಳು, ನಾಗಿ. ಆ ದಡದ ಊರಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಒಂಬತ್ತು ತುಂಬುತ್ತಿತ್ತು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಲ್ಲ. ಹೊಸ ಚರ್ಮ ಹೊಲಿದ ಮಾರನೆಯ ದಿನವೇ ಮಗಳನ್ನು ಕರೆತರುವುದು ಅಂತ ದುರುಗವ್ವ ಬಾಣಂತಿ ಕೋಣೆಗೆ ಸುಣ್ಣ ಕೂಡ ಬಳಿದಿಟ್ಟಿದ್ದಳು.

ಅದೇ ವರ್ಷ ಕೂಲಂಕಷ ಪಂಡಿತ ಬಂದ.

ಎಲ್ಲಿಂದ ಬಂದ ಅಂತ ಕೇಳಬೇಡಿ. ನಮ್ಮದೂ ಸೇರಿ ಹನ್ನೆರಡು ರಾಜ್ಯ ಸುತ್ತಿದವನಂತೆ. ಹನ್ನೊಂದು ರಾಜ್ಯದವರು ಇವನನ್ನು ಯಾಕೆ ಕಳಿಸಿದರು ಅಂತ ನಮ್ಮ ದೊರೆ ವಿಚಾರಿಸಲಿಲ್ಲ.

"ದೊರೆ, ನಿಮ್ಮ ಸೀಮೆಯ ಸ್ಥಿತಿ ನಿಮಗೆ ಹೇಗೆ ಗೊತ್ತಾಗುತ್ತದೆ?" ಅಂದ ಪಂಡಿತ.

"ಕುದುರೆ ಹತ್ತಿ ಒಂದು ಸುತ್ತು ಹಾಕುತ್ತೇನೆ. ಕಣ್ಣಾರೆ ನೋಡುತ್ತೇನೆ."

"ಕಣ್ಣೇ?" ಪಂಡಿತ ನಕ್ಕ. "ಒಬ್ಬನ ಕಣ್ಣು ಬರೀ ಅಭಿಪ್ರಾಯ. ನೂರು ಬಾಯಿ ಆದರೆ ಅದು ಪ್ರಮಾಣ. ಪ್ರಶ್ನೆ ಇಡಬೇಕು, ನೂರು ಜನರನ್ನು ಕೇಳಬೇಕು, ಬರೆದುಕೊಳ್ಳಬೇಕು, ಫಲಿತಾಂಶ ಸಾರಬೇಕು. ಇದಕ್ಕೆ ಸಂಶೋಧನೆ ಅಂತಾರೆ."

ದೊರೆ ತಲೆಯಾಡಿಸಿದ. ಅವತ್ತೇ ಕುದುರೆಯನ್ನು ಲಾಯದಲ್ಲಿ ಕಟ್ಟಿಸಿದ.

ಮೊದಲನೆಯ ಸಂಶೋಧನೆ: ಸೀಮೆಯಲ್ಲಿ ಹಸಿವು ಇದೆಯೋ ಇಲ್ಲವೋ. ಅರಮನೆಯಲ್ಲಿ ಹಬ್ಬದೂಟ ನಡೆದಿತ್ತು. ಪಂಡಿತ ಕೈ ತೊಳೆಯುವ ಜಾಗದಲ್ಲಿ ನಿಂತ. ಹೋಳಿಗೆ ತಿಂದು, ತೇಗಿ, ಎಲೆಯಡಿಕೆ ಹಾಕಿಕೊಂಡು ಬಂದವರನ್ನು ಕೇಳಿದ: "ಹಸಿವಾಗಿದೆಯೇ?" ನೂರು ಜನ ಇಲ್ಲ ಅಂದರು. ಸೀಮೆಯಲ್ಲಿ ಹಸಿವಿಲ್ಲ, ನೂರಕ್ಕೆ ನೂರು, ಅಂತ ಬರೆದ.

ಬರೆದದ್ದು ಸಣ್ಣ ಗ್ರಂಥವೇ? ಪುಟ ಮಗುಚಲು ಎರಡು ಆಳು ಬೇಕು. ರಟ್ಟಿಗೆ ಒಂದು ಇಡೀ ಎಮ್ಮೆ ಚರ್ಮ ಬೇಕು. ದೊರೆಗೊಂದು ಪ್ರತಿ, ರಾಣಿಗೊಂದು, ಮಂತ್ರಿಗೊಂದು, ತನಗೊಂದು. ಉಗ್ರಾಣದಿಂದ ನಾಲ್ಕು ಚರ್ಮ ಹೋಯಿತು. ಮೇಲೆ ಬಂಗಾರದ ಅಕ್ಷರ ಒತ್ತಿಸಿದ: "ಹಸಿವಿಲ್ಲ".

ಎರಡನೆಯ ಸಂಶೋಧನೆ: ಪ್ರಜೆಗಳಿಗೆ ದೊರೆಯ ಮೇಲೆ ಪ್ರೀತಿ ಇದೆಯೋ ಇಲ್ಲವೋ. ಪಂಡಿತ ಪೇಟೆ ಬೀದಿಯಲ್ಲಿ ಕೂತ. ಅವನ ಎಡಗಡೆ ಈಟಿ ಹಿಡಿದ ಭಟ, ಬಲಗಡೆ ಕತ್ತಿ ಹಿಡಿದ ಭಟ. ನೂರು ಜನ ಪ್ರೀತಿ ಇದೆ ಅಂದರು. ಒಬ್ಬ ಮಾತ್ರ ಕೆಮ್ಮಿದ. ಭಟ ತಿರುಗಿ ನೋಡಿದ ಮೇಲೆ ಅವನೂ "ಬಹಳ ಪ್ರೀತಿ" ಅಂದ. ಮತ್ತೆ ನಾಲ್ಕು ಗ್ರಂಥ, ಮತ್ತೆ ನಾಲ್ಕು ಚರ್ಮ. "ಪ್ರೀತಿ ಇದೆ".

ಮುಗಿಲು ಕಪ್ಪಾಯಿತು. ದುರುಗವ್ವ ಉಗ್ರಾಣಕ್ಕೆ ಹೋದಳು.

"ಚರ್ಮ ಕೊಡಪ್ಪ. ಇನ್ನು ಎಂಟು ದಿನಕ್ಕೆ ಕೆಂಪು ನೀರು ಬರುತ್ತದೆ."

"ಎಂಟು ಚರ್ಮ ಗ್ರಂಥಕ್ಕೆ ಹೋಯಿತಕ್ಕ. ನಾಲ್ಕು ಉಳಿದಿದೆ. ಅದಕ್ಕೂ ಪಂಡಿತರು ಹೇಳಿಟ್ಟಿದ್ದಾರೆ," ಅಂದ ಉಗ್ರಾಣದವನು.

ದುರುಗವ್ವ ಅಲ್ಲಿಂದ ನೆಟ್ಟಗೆ ದೊರೆಯ ಮುಂದೆ ಬಂದು ನಿಂತಳು. "ದೊರೆ, ಹೋದ ಮಳೆಗಾಲದಲ್ಲಿ ನಿಮ್ಮವರು ಚರ್ಮ ಒಂದು ತಿಂಗಳು ತಡ ಮಾಡಿದರು. ನಾಲ್ಕಿದ್ದ ಹರಿಗೋಲಲ್ಲಿ ಒಂದು ನಡುಹೊಳೆಯಲ್ಲಿ ಚರ್ಮ ಹರಿದು ಮುಳುಗಿತು. ನನ್ನ ಮೈದುನನೂ ಸೇರಿ ಹನ್ನೊಂದು ಜನ ಹೋದರು. ಈ ಸಲ ನನ್ನ ಮಗಳು ಆ ದಡದಲ್ಲಿದ್ದಾಳೆ, ತುಂಬಿದ ಬಸುರಿ. ಉಳಿದ ನಾಲ್ಕಾದರೂ ಕೊಡಿ, ಒಂದು ಹರಿಗೋಲಾದರೂ ಗಟ್ಟಿ ಮಾಡಿಕೊಳ್ಳುತ್ತೇನೆ."

ದೊರೆ ಪಂಡಿತನ ಮುಖ ನೋಡಿದ.

"ಒಬ್ಬ ಹೆಂಗಸಿನ ಮಾತಿಗೆ ಚರ್ಮ ಕೊಡುವುದೇ?" ಅಂದ ಪಂಡಿತ. "ಸಂಶೋಧನೆ ಮಾಡೋಣ."

ಮೂರನೆಯ ಸಂಶೋಧನೆ: ಹರಿಗೋಲು ಮುಳುಗುತ್ತದೋ ಇಲ್ಲವೋ. ಪಂಡಿತ ಈ ದಡದಲ್ಲಿ ಕೊಡೆ ಹಿಡಿಸಿಕೊಂಡು ನಿಂತ. ಚರ್ಮ ಗಟ್ಟಿಯಿದ್ದಾಗ ಹರಿಗೋಲಿನಲ್ಲಿ ದಾಟಿ ಬಂದಿದ್ದವರನ್ನು ಕರೆಸಿ ಒಬ್ಬೊಬ್ಬರನ್ನಾಗಿ ಕೇಳಿದ: "ದಾಟುವಾಗ ನೀನು ಮುಳುಗಿ ಸತ್ತೆಯಾ?"

ನೂರು ಜನ ಇಲ್ಲ ಅಂದರು.

"ನೋಡಿದಿರಾ ದೊರೆ? ಹರಿಗೋಲು ಮುಳುಗುವುದಿಲ್ಲ. ನೂರಕ್ಕೆ ನೂರು. ಹೊಸ ಚರ್ಮ ದುಂದು."

"ಮುಳುಗಿದವರನ್ನು ಕೇಳಿದಿರಾ ಪಂಡಿತರೇ?" ಅಂದಳು ದುರುಗವ್ವ.

"ಅವರು ಉತ್ತರ ಕೊಡಲು ಮುಂದೆ ಬರಲಿಲ್ಲ," ಅಂದ ಪಂಡಿತ. "ಉತ್ತರ ಕೊಡದವರನ್ನು ಎಣಿಕೆಗೆ ಸೇರಿಸುವುದಿಲ್ಲ. ಅದು ನಿಯಮ."

ದೊರೆ ತಲೆಯಾಡಿಸಿದ. ಉಳಿದ ನಾಲ್ಕು ಚರ್ಮವೂ ಗ್ರಂಥಕ್ಕೆ ಹೋಯಿತು. "ಮುಳುಗುವುದಿಲ್ಲ".

ದುರುಗವ್ವ ಅಳಲಿಲ್ಲ, ಬೈಯಲಿಲ್ಲ. ಮನೆಗೆ ಹೋಗಿ ಮುದ್ದೆ ಉಂಡಳು. ಮುದ್ದೆ ನುಂಗುತ್ತಾ ಯೋಚನೆ ಮಾಡಿದಳು. ಮಾರನೆಯ ದಿನ ತಲೆ ಬಾಚಿ, ಹೂ ಮುಡಿದು ಸಭೆಗೆ ಬಂದಳು.

"ದೊರೆ, ನಿನ್ನೆ ತಿಳಿಯದೆ ಮಾತಾಡಿದೆ. ಪಂಡಿತರ ಗ್ರಂಥ ದೊಡ್ಡದು. ಆದರೆ ಒಂದು ಸಣ್ಣ ಕೊರತೆ ಇದೆ."

"ನನ್ನ ಗ್ರಂಥದಲ್ಲೇ?" ಪಂಡಿತನ ಹುಬ್ಬು ಮೇಲೆ ಹೋಯಿತು.

"ಈ ದಡದಲ್ಲಿ ನೂರು ಜನರನ್ನು ಕೇಳಿದಿರಿ. ಆ ದಡದಲ್ಲೂ ನೂರು ಜನ ಇಳಿದವರು ಇದ್ದಾರಲ್ಲ? ಅವರನ್ನೂ ಕೇಳಿದರೆ ಇನ್ನೂರಕ್ಕೆ ಇನ್ನೂರು ಆಗುತ್ತದೆ. ಹನ್ನೆರಡು ರಾಜ್ಯದಲ್ಲಿ ಯಾರಾದರೂ ಇನ್ನೂರಕ್ಕೆ ಇನ್ನೂರು ಮಾಡಿದ್ದಾರಾ?"

ಪಂಡಿತನ ಬಾಯಲ್ಲಿ ನೀರೂರಿತು. ಗ್ರಂಥ ಎರಡರಷ್ಟು ದಪ್ಪವಾಗಿ ಕಣ್ಣ ಮುಂದೆ ಕುಣಿಯಿತು. "ಸರಿಯಾಗಿ ಹೇಳಿದೆ ತಾಯಿ. ಮಾಡಿಯೇಬಿಡೋಣ," ಅಂದುಬಿಟ್ಟ.

"ಹಾಗಾದರೆ ಈಗಲೇ ಹೊರಡಿ. ನಾನೂ ದಡದವರೆಗೆ ಬರುತ್ತೇನೆ," ಅಂದ ದೊರೆ.

ಸಭೆ ಪೂರ್ತಿ ಹೊಳೆದಂಡೆಗೆ ಬಂತು. ಅಲ್ಲಿಗೆ ಬಂದ ಮೇಲೆಯೇ ಪಂಡಿತನಿಗೆ ಹೊಳೆಯಿತು, ಆ ದಡಕ್ಕೆ ಹೋಗಬೇಕಾದರೆ ಹೊಳೆ ದಾಟಬೇಕು ಅಂತ.

ದುರುಗವ್ವ ಮೊದಲನೆಯ ಹರಿಗೋಲು ತೋರಿಸಿದಳು. ಪಂಡಿತ ಚರ್ಮವನ್ನು ಬೆರಳಲ್ಲಿ ಒತ್ತಿದ. ಬೆರಳು ಆಚೆ ಹೋಯಿತು.

"ಇದು ಬೇಡ. ಇದರ ಮುಖ ದಕ್ಷಿಣಕ್ಕಿದೆ."

"ಹರಿಗೋಲು ದುಂಡಗಿರುತ್ತದೆ ಪಂಡಿತರೇ, ಅದಕ್ಕೆ ಮುಖ ಎಲ್ಲಿ? ಆಗಲಿ, ಎರಡನೆಯದು ನೋಡಿ."

ಎರಡನೆಯದನ್ನು ಮಗುಚಿ ಎತ್ತಿ ಹಿಡಿದಳು. ತಳದಲ್ಲಿ ಆಕಾಶ ಕಂಡಿತು. ಒಂದು ಹದ್ದು ಹಾರಿಹೋದದ್ದೂ ಕಂಡಿತು.

"ಇದೂ ಬೇಡ. ನನಗೆ ಬೆಳಗ್ಗೆಯಿಂದ ಹೊಟ್ಟೆ ಸರಿಯಿಲ್ಲ."

"ಹೊಳೆ ಮೇಲೆ ಗಾಳಿ ಚೆನ್ನಾಗಿದೆ, ಸರಿಹೋಗುತ್ತದೆ. ಮೂರನೆಯದು ನೋಡಿ."

ಮೂರನೆಯದರ ಹತ್ತಿರ ಹೋಗುವ ಮೊದಲೇ ವಾಸನೆ ಬಂತು. ಒಂದು ಏಡಿ ಚರ್ಮದ ಒಳಗಿನಿಂದ ತೂತು ಮಾಡಿಕೊಂಡು ಹೊರಗೆ ಬಂದು, ಪಂಡಿತನ ಮುಖ ನೋಡಿ, ವಾಪಸು ಒಳಗೆ ಹೋಯಿತು.

"ಹತ್ತಿ ಪಂಡಿತರೇ," ಅಂದಳು ದುರುಗವ್ವ. "ನೂರು ಜನ ಮುಳುಗಿಲ್ಲ ಅಂದಿದ್ದಾರೆ. ನೀವು ನೂರಾ ಒಂದನೆಯವರು."

"ಹತ್ತಿ," ಅಂದ ದೊರೆ. ಈ ಸಲ ಅವನು ತಲೆಯಾಡಿಸಲಿಲ್ಲ. ತುಂಬ ದಿನದ ಮೇಲೆ ಕಣ್ಣು ಬಿಟ್ಟು ನೋಡುತ್ತಿದ್ದ.

ಪಂಡಿತ ಒಂದು ಕಾಲು ಒಳಗಿಟ್ಟ. ಪಾದ ಒದ್ದೆಯಾಯಿತು. ಕಾಲು ಹಿಂದಕ್ಕೆ ತೆಗೆದುಕೊಂಡು ದೊರೆಯ ಕಾಲು ಹಿಡಿದ.

"ಮಹಾಪ್ರಭು, ಇದಕ್ಕೆ ಹೊಸ ಚರ್ಮ ಹೊಲಿಸದೆ ಯಾರೂ ಹತ್ತಬಾರದು. ಹತ್ತಿದರೆ ಮುಳುಗುತ್ತಾರೆ."

"ಎಷ್ಟು ಜನ?" ಕೇಳಿದಳು ದುರುಗವ್ವ.

"ನೂರಕ್ಕೆ ನೂರು."

"ಬರೆದುಕೊಳ್ಳಿ ದೊರೆ," ಅಂದಳು ಅವಳು.

ದೊರೆ ಬರೆದುಕೊಳ್ಳಲಿಲ್ಲ, ಅಪ್ಪಣೆ ಕೊಟ್ಟ. ಹನ್ನೆರಡು ಗ್ರಂಥವನ್ನೂ ಗಾಡಿಯಲ್ಲಿ ಹೊಳೆದಂಡೆಗೆ ತಂದರು. ರಟ್ಟು ಬಿಚ್ಚಿದರು. ಪಂಡಿತ ಒಂದೊಂದು ಚರ್ಮಕ್ಕೂ ಒಂದೊಂದು ಸಲ ಅತ್ತ. ಒಳಗಿನ ಕಾಗದವನ್ನು ಎಣ್ಣೆ ಒರೆಸಲು ಇಟ್ಟುಕೊಂಡರು. ಅದು ಚೆನ್ನಾಗಿಯೇ ಹೀರಿತು, ಆ ಕಾಗದದಿಂದ ಆದ ಉಪಕಾರ ಅದೊಂದೇ. ಮೂರು ದಿನ ಊರೆಲ್ಲ ಕೂತು ಹೊಲಿದರು. ಅಕ್ಷರ ಕೀಳಲು ಪುರುಸೊತ್ತಿರಲಿಲ್ಲ. ಒಂದು ಹರಿಗೋಲಿನ ತಳದಲ್ಲಿ "ಪ್ರೀತಿ ಇದೆ", ಇನ್ನೊಂದರ ತಳದಲ್ಲಿ "ಮುಳುಗುವುದಿಲ್ಲ", ಮತ್ತೊಂದರ ತಳದಲ್ಲಿ "ಹಸಿವಿಲ್ಲ" ಅಂತ ಬಂಗಾರದ ಅಕ್ಷರ ಹೊಳೆಯುತ್ತಿತ್ತು. ಮೀನುಗಳು ಮೇಲೆ ಬಂದು ಓದಿಕೊಂಡು ಹೋಗುತ್ತಿದ್ದವು.

ನಾಲ್ಕನೆಯ ದಿನ ದುರುಗವ್ವ "ಹಸಿವಿಲ್ಲ" ಹರಿಗೋಲು ಹತ್ತಿ ಮಗಳನ್ನು ಕರೆತರಲು ಹೋದಳು. ವಾಪಸು ಬರುವಾಗ ನಡುಹೊಳೆಯಲ್ಲಿ ಕೆಂಪು ನೀರು ಬಂತು, ಆನೆ ಹಿಂಡಿನ ಹಾಗೆ. ಎಂಟು ದಿನಕ್ಕೆ ಬರಬೇಕಾದದ್ದು ಎರಡು ದಿನ ಮುಂಚೆಯೇ ಬಂತು. ಹರಿಗೋಲು ಗಿರ್ರನೆ ತಿರುಗಿತು. ಹೊಲಿಗೆ ಒಂದೂ ಬಿಡಲಿಲ್ಲ. ಆ ತಿರುಗಾಟಕ್ಕೆ ನಾಗಿಗೆ ಅಲ್ಲೇ ಹೆರಿಗೆಯಾಯಿತು. ಗಂಡು ಮಗು. ಹುಟ್ಟಿದ್ದೇ ಹಸಿವು ಅಂತ ಕಿರುಚಿತು, ಎರಡು ದಡದವರೂ ಕಿವಿ ಮುಚ್ಚಿಕೊಳ್ಳುವ ಹಾಗೆ. "ಹಸಿವಿಲ್ಲ" ಅನ್ನುವ ಗ್ರಂಥದ ಮೇಲೆ ಮಲಗಿಕೊಂಡೇ ಅದನ್ನು ಸುಳ್ಳು ಮಾಡಿದ ಆ ಮಗು ಯಾರು ಅಂತೀರಿ? ನಾನೇ. ದುರುಗವ್ವ ನನ್ನ ಅಜ್ಜಿ.

ದೊರೆ ಲಾಯದಿಂದ ಕುದುರೆ ಬಿಚ್ಚಿಸಿದ. ಪಂಡಿತನನ್ನು ಓಡಿಸಲಿಲ್ಲ, ಹದಿಮೂರನೆಯ ರಾಜ್ಯಕ್ಕೆ ತೊಂದರೆ ಯಾಕೆ ಅಂತ. ಅವನಿಗೆ ಹೊಳೆದಂಡೆಯಲ್ಲಿ ಒಂದು ಕೆಲಸ ಕೊಟ್ಟ. ಬೆಳಗ್ಗೆ ಆ ದಡಕ್ಕೆ ಹೋಗಿ ಹರಿಗೋಲು ಹತ್ತಿದವರನ್ನು ಎಣಿಸಬೇಕು, ಅವರ ಜೊತೆಯಲ್ಲೇ ದಾಟಬೇಕು, ಈ ದಡದಲ್ಲಿ ಇಳಿದವರನ್ನು ಎಣಿಸಬೇಕು. ಎರಡೂ ಒಂದೇ ಆದರೆ ಅವತ್ತು ಊಟ. ಅಲ್ಲಿಂದಾಚೆಗೆ ಉಗ್ರಾಣದ ಬಾಗಿಲಲ್ಲಿ ಚರ್ಮಕ್ಕೆ ಎಲ್ಲರಿಗಿಂತ ಮುಂಚೆ ಬಂದು ಗಲಾಟೆ ಮಾಡುತ್ತಿದ್ದವನು ಪಂಡಿತನೇ.

ಇದರಿಂದ ತಿಳಿಯುವುದು ಇಷ್ಟು ಮಕ್ಕಳೇ: ಯಾರಾದರೂ ನೂರು ಜನ ಹೀಗೆ ಹೇಳಿದರು ಅಂದರೆ, ಯಾವ ನೂರು ಜನ ಅಂತ ಕೇಳಿ. ಹೇಳಲು ಬರಲಾಗದೆ ಹೋದವರು ಎಲ್ಲಿದ್ದಾರೆ ಅಂತ ಹುಡುಕಿ. ಮತ್ತೆ, ಹೇಳಿದವನನ್ನೇ ಮೊದಲು ಹರಿಗೋಲು ಹತ್ತಿಸಿ.

ಈ ಕಥೆ ಸುಳ್ಳು ಅನ್ನುವವರು ನಿಮ್ಮಲ್ಲಿದ್ದರೆ ಸಂಶೋಧನೆ ಮಾಡಿ ನೋಡಿ. ಅವತ್ತು ಆ ಹರಿಗೋಲಲ್ಲಿದ್ದವರನ್ನು ಒಬ್ಬರೂ ಬಿಡದಂತೆ ಕೇಳಿ. ಈಗ ಉಳಿದಿರುವವನು ನಾನೊಬ್ಬನೇ. ನಿಜ ಅನ್ನುತ್ತೇನೆ, ನೂರಕ್ಕೆ ನೂರು.